ಕ್ಷಿಪಣಿ ರಕ್ಷಣೆ ಮತ್ತು ಮಹಾಶಕ್ತಿಗಳ ಪೈಪೋಟಿ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕ, ರಷ್ಯಾ ಮತ್ತು ಚೀನಾ ನಡುವಿನ ಅಣ್ವಸ್ತ್ರ ಪೈಪೋಟಿಯಲ್ಲಿ ಕ್ಷಿಪಣಿ ರಕ್ಷಣಾ ವ್ಯವಸ್ಥೆಗಳಿಗೆ ಇರುವ ಸ್ಥಾನದ ಬಗ್ಗೆ ಸಾಮಾನ್ಯವಾಗಿ ಎದುರಾಗುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಡಲಾಗಿದೆ. ಅಮೆರಿಕ 2025ರಲ್ಲಿ ಇಡೀ ದೇಶಕ್ಕೆ ಕ್ಷಿಪಣಿ ಗುರಾಣಿ ಕಟ್ಟುವ ‘ಗೋಲ್ಡನ್ ಡೋಮ್’ ಯೋಜನೆಯನ್ನು ಪ್ರಕಟಿಸಿತು. ಅಮೆರಿಕ ಮತ್ತು ರಷ್ಯಾದ ಅಣ್ವಸ್ತ್ರಗಳ ಸಂಖ್ಯೆಗೆ ಮಿತಿ ಹಾಕಿದ್ದ ನ್ಯೂ ಸ್ಟಾರ್ಟ್ ಒಪ್ಪಂದದ ಅವಧಿ 2026ರ ಫೆಬ್ರವರಿ 5ಕ್ಕೆ ಮುಗಿಯಿತು. ಈ ಎರಡು ಬೆಳವಣಿಗೆಗಳ ಬೇರು ಒಂದೇ ಕಡೆ ಇದೆ, ಮತ್ತು ಅದನ್ನು ತಿಳಿಯಲು ಅರ್ಧ ಶತಮಾನ ಹಿಂದಕ್ಕೆ ಹೋಗಬೇಕಾಗುತ್ತದೆ. ಭಾರತಕ್ಕೆ ಸಂಬಂಧಿಸಿದ ಪ್ರಶ್ನೆಗಳು ಕೊನೆಯ ಭಾಗದಲ್ಲಿವೆ.

ಐರನ್ ಡೋಮ್, ಪೇಟ್ರಿಯಟ್, ಎಸ್-400, ಥಾಡ್: ಇವೆಲ್ಲ ಒಂದೇ ಬಗೆಯ ವ್ಯವಸ್ಥೆಗಳೇ?

ಅಲ್ಲ. ಇಸ್ರೇಲಿನ ಐರನ್ ಡೋಮ್ ಮೊದಲಿಗೆ 4ರಿಂದ 70 ಕಿಲೋಮೀಟರ್ ದೂರದಿಂದ ಬರುವ ರಾಕೆಟ್‌ಗಳನ್ನು ಹೊಡೆದುರುಳಿಸಲೆಂದು ರೂಪಿಸಿದ್ದು. ಅಮೆರಿಕದ ಪೇಟ್ರಿಯಟ್ ಮತ್ತು ರಷ್ಯಾದ ಎಸ್-400 ಯುದ್ಧವಿಮಾನ, ಕ್ರೂಸ್ ಕ್ಷಿಪಣಿ ಹಾಗೂ ಕಡಿಮೆ ದೂರದ ಬ್ಯಾಲಿಸ್ಟಿಕ್ ಕ್ಷಿಪಣಿಗಳನ್ನು ಎದುರಿಸುತ್ತವೆ. ಅಮೆರಿಕದ್ದೇ ಆದ ಥಾಡ್ ಮತ್ತು ಹಡಗುಗಳ ಮೇಲಿರುವ ಏಜಿಸ್ ವ್ಯವಸ್ಥೆಗಳು ಇನ್ನೂ ದೂರದಿಂದ, ಇನ್ನೂ ಎತ್ತರದಲ್ಲಿ ಬರುವ ಕ್ಷಿಪಣಿಗಳಿಗಾಗಿ ಇವೆ. ಒಂದು ಖಂಡದಿಂದ ಇನ್ನೊಂದು ಖಂಡಕ್ಕೆ ಅಣ್ವಸ್ತ್ರ ಹೊತ್ತು ಸಾಗುವ ಖಂಡಾಂತರ ಕ್ಷಿಪಣಿಯನ್ನು ತಡೆಯುವುದಕ್ಕಾಗಿಯೇ ಅಮೆರಿಕ ತನ್ನ ನೆಲದಲ್ಲಿ ನಿಲ್ಲಿಸಿರುವ ವ್ಯವಸ್ಥೆ ಬೇರೆಯೇ ಆಗಿದೆ. ಅದರ 44 ಪ್ರತಿಬಂಧಕ ಕ್ಷಿಪಣಿಗಳು ಅಲಾಸ್ಕಾದ ಫೋರ್ಟ್ ಗ್ರೀಲಿ ಮತ್ತು ಕ್ಯಾಲಿಫೋರ್ನಿಯಾದ ವ್ಯಾಂಡೆನ್‌ಬರ್ಗ್ ನೆಲೆಗಳಲ್ಲಿವೆ.

ಮಹಾಶಕ್ತಿಗಳ ನಡುವಿನ ಜಗಳವೆಲ್ಲ ಮುಖ್ಯವಾಗಿ ಈ ಕೊನೆಯ ಬಗೆಯದರ ಸುತ್ತ, ಮತ್ತು ಮುಂದೊಂದು ದಿನ ಆ ಕೆಲಸಕ್ಕೂ ಒದಗಬಹುದಾದ ಇತರ ವ್ಯವಸ್ಥೆಗಳ ಸುತ್ತ ನಡೆಯುತ್ತಿದೆ.

ಖಂಡಾಂತರ ಕ್ಷಿಪಣಿಯನ್ನು ತಡೆಯುವುದು ಅಷ್ಟೊಂದು ಕಷ್ಟವೇಕೆ?

ಅದರ ಹಾರಾಟದಲ್ಲಿ ಮೂರು ಘಟ್ಟಗಳಿವೆ. ಎಂಜಿನ್ ಉರಿಯುವ ಮೊದಲ 3ರಿಂದ 5 ನಿಮಿಷಗಳಲ್ಲಿ ಕ್ಷಿಪಣಿ ದೊಡ್ಡದಾಗಿ, ಪ್ರಕಾಶಮಾನವಾಗಿ ಕಾಣುತ್ತದೆ. ಆದರೆ ಆಗ ಅದು ಶತ್ರುವಿನ ನೆಲದ ಮೇಲಿರುತ್ತದೆ, ಅಲ್ಲಿಗೆ ಅಷ್ಟು ಬೇಗ ತಲುಪುವುದು ಸುಲಭವಲ್ಲ. ಆಮೇಲಿನ ಸುಮಾರು 20 ನಿಮಿಷ ಸಿಡಿತಲೆಯು (ಕ್ಷಿಪಣಿ ಹೊತ್ತೊಯ್ಯುವ ಅಣ್ವಸ್ತ್ರ) ಬಾಹ್ಯಾಕಾಶದಲ್ಲಿ ಸೆಕೆಂಡಿಗೆ ಸುಮಾರು 7 ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. ಅಲ್ಲಿ ಗಾಳಿಯಿಲ್ಲದ ಕಾರಣ ಭಾರವಾದ ಸಿಡಿತಲೆಯೂ ಅದರೊಂದಿಗೆ ಬಿಟ್ಟ ಹಗುರವಾದ ಲೋಹಲೇಪಿತ ಬಲೂನೂ ಒಂದೇ ವೇಗದಲ್ಲಿ ಒಂದೇ ದಾರಿಯಲ್ಲಿ ಹೋಗುತ್ತವೆ. ನಿಜವಾದ ಗುರಿ ಯಾವುದು, ಹುಸಿ ಗುರಿ ಯಾವುದು ಎಂದು ರಾಡಾರ್ ಮತ್ತು ಸಂವೇದಕಗಳು ಬೇರ್ಪಡಿಸಬೇಕು. ಕೊನೆಯ ಘಟ್ಟದಲ್ಲಿ ವಾತಾವರಣ ಹೊಕ್ಕಾಗ ಬಲೂನುಗಳು ಹಿಂದೆ ಬಿದ್ದು ಸಿಡಿತಲೆ ಬಯಲಾಗುತ್ತದೆ ನಿಜ, ಆದರೆ ಆಗ ಉಳಿದಿರುವುದು ಒಂದು ನಿಮಿಷಕ್ಕಿಂತ ಕಡಿಮೆ ಸಮಯ.

1999ರಿಂದ ಈಚೆಗೆ ಅಲಾಸ್ಕಾ–ಕ್ಯಾಲಿಫೋರ್ನಿಯಾ ವ್ಯವಸ್ಥೆಯ ತಡೆ ಪರೀಕ್ಷೆಗಳಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಯಶಸ್ವಿಯಾಗಿವೆ. ಅವೂ ಮೊದಲೇ ಸಿದ್ಧಪಡಿಸಿಕೊಂಡ ಪರೀಕ್ಷೆಗಳು.

ರಕ್ಷಣೆ ಯಾರಿಗೂ ಹಾನಿ ಮಾಡುವುದಿಲ್ಲ. ಹಾಗಿದ್ದ ಮೇಲೆ ಎದುರಾಳಿ ಏಕೆ ಆಕ್ಷೇಪಿಸಬೇಕು?

ಬಹಳ ಜನ ಕೇಳುವ ಪ್ರಶ್ನೆ ಇದು, ಮತ್ತು ಕೇಳಲೇಬೇಕಾದ ಪ್ರಶ್ನೆ. ಇದಕ್ಕೆ ಉತ್ತರ ಅಣ್ವಸ್ತ್ರ ರಾಷ್ಟ್ರಗಳು ಪರಸ್ಪರ ಹೇಗೆ ಲೆಕ್ಕ ಹಾಕುತ್ತವೆ ಎಂಬುದರಲ್ಲಿದೆ.

ಎರಡೂ ಕಡೆ ಅಣ್ವಸ್ತ್ರಗಳಿರುವಾಗ ಯುದ್ಧವನ್ನು ತಡೆದು ನಿಲ್ಲಿಸುವುದು ಮರುದಾಳಿಯ ಭಯ. ಮೊದಲ ಹೊಡೆತ ತಿಂದ ದೇಶದ ಬಳಿ ಉಳಿಯುವ ಕ್ಷಿಪಣಿಗಳೇ ಹೊಡೆದ ದೇಶವನ್ನು ನಾಶಮಾಡಲು ಸಾಕು ಎಂದು ಇಬ್ಬರಿಗೂ ಗೊತ್ತಿರುವ ತನಕ ಮೊದಲು ಹೊಡೆಯುವ ಆಸೆ ಯಾರಿಗೂ ಹುಟ್ಟುವುದಿಲ್ಲ. ಈಗ ಒಂದು ದೇಶ ರಕ್ಷಣಾ ವ್ಯವಸ್ಥೆ ನಿಲ್ಲಿಸುತ್ತದೆ ಎಂದುಕೊಳ್ಳಿ. ಎದುರಾಳಿಯ ಸಾವಿರ ಸಿಡಿತಲೆಗಳು ಒಟ್ಟಿಗೆ ನುಗ್ಗಿದರೆ ಆ ವ್ಯವಸ್ಥೆ ನಿಲ್ಲಲಾರದು. ಆದರೆ ತಾನೇ ಮೊದಲು ದಾಳಿ ಮಾಡಿ ಎದುರಾಳಿಯ ಬಹುಪಾಲು ಕ್ಷಿಪಣಿಗಳನ್ನು ನೆಲದಲ್ಲೇ ನಾಶಮಾಡಿದರೆ, ಅಳಿದುಳಿದು ಚದುರಿಕೊಂಡು ಬರುವ ಕೆಲವನ್ನು ಅದೇ ವ್ಯವಸ್ಥೆ ತಡೆಯಬಹುದು. ಅಂದರೆ ಆ ಗುರಾಣಿಗೆ ಅತಿ ಹೆಚ್ಚು ಬೆಲೆ ಬರುವುದು ಅದನ್ನು ಹಿಡಿದವನೇ ಮೊದಲು ಖಡ್ಗ ಬೀಸಿದಾಗ. ಎದುರಾಳಿಯ ಸೇನಾಧಿಕಾರಿಗಳಿಗೆ ಕಾಣುವುದು ಈ ಚಿತ್ರ. ಕಟ್ಟಿದವರ ಮನಸ್ಸಿನಲ್ಲಿ ಅಂಥ ಉದ್ದೇಶ ಇಲ್ಲದಿರಬಹುದು; ಉದ್ದೇಶ ನಾಳೆ ಬದಲಾಗಬಹುದು, ಕಟ್ಟಿದ ವ್ಯವಸ್ಥೆ ಮಾತ್ರ ಉಳಿಯುತ್ತದೆ ಎಂದು ಅವರು ಎಣಿಸುತ್ತಾರೆ.

ಆದ್ದರಿಂದ ರಕ್ಷಣಾ ವ್ಯವಸ್ಥೆ ಇಂದು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದಕ್ಕಿಂತ ಅದು ಎಲ್ಲಿಯವರೆಗೆ ಬೆಳೆಯಬಹುದು, ಅದಕ್ಕೆ ಎಲ್ಲೆ ಇದೆಯೇ ಎಂಬುದು ಎದುರಾಳಿಗೆ ಮುಖ್ಯವಾಗುತ್ತದೆ. ಕಳೆದ ಅರವತ್ತು ವರ್ಷಗಳ ಇತಿಹಾಸವನ್ನು ಓದಲು ಇದಕ್ಕಿಂತ ಒಳ್ಳೆಯ ಸೂತ್ರ ಇಲ್ಲವೆಂದೇ ಈ ಲೇಖಕನ ಅಭಿಪ್ರಾಯ.

ಈ ಎಲ್ಲೆಯನ್ನು ಮೊದಲು ಗುರುತಿಸಿದ್ದು ಯಾವಾಗ?

1960ರ ದಶಕದಲ್ಲಿ ಸೋವಿಯತ್ ಒಕ್ಕೂಟ ಮಾಸ್ಕೋ ಸುತ್ತ ಕ್ಷಿಪಣಿ ನಿರೋಧಕ ವ್ಯವಸ್ಥೆ ಕಟ್ಟತೊಡಗಿತ್ತು. 1967ರ ಜೂನ್‌ನಲ್ಲಿ ನ್ಯೂಜೆರ್ಸಿಯ ಗ್ಲಾಸ್‌ಬರೊ ಎಂಬ ಸಣ್ಣ ಊರಿನಲ್ಲಿ ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ಮತ್ತು ಸೋವಿಯತ್ ಪ್ರಧಾನಿ ಅಲೆಕ್ಸಿ ಕೊಸಿಗಿನ್ ಭೇಟಿಯಾದರು. ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಮೆಕ್ನಮಾರ ಅಲ್ಲಿ ಕೊಸಿಗಿನ್ ಅವರಿಗೆ, ನೀವು ರಕ್ಷಣೆ ಹೆಚ್ಚಿಸಿದರೆ ನಾವು ಅದನ್ನು ಭೇದಿಸುವಷ್ಟು ಆಕ್ರಮಣ ಶಕ್ತಿ ಹೆಚ್ಚಿಸಬೇಕಾಗುತ್ತದೆ ಎಂದು ವಿವರಿಸಿದರು. ರಕ್ಷಣೆ ನೈತಿಕ, ಆಕ್ರಮಣ ಅನೈತಿಕ ಎಂಬ ಅರ್ಥದಲ್ಲಿ ಕೊಸಿಗಿನ್ ಸಿಟ್ಟಿನಿಂದ ಉತ್ತರಿಸಿದರೆಂದು ಮೆಕ್ನಮಾರ ಮುಂದೆ ನೆನಪಿಸಿಕೊಂಡಿದ್ದಾರೆ. ಇಂದು ವಾಷಿಂಗ್ಟನ್ ಮಾಡುವ ವಾದವನ್ನು ಅಂದು ಮಾಸ್ಕೋ ಮಾಡುತ್ತಿತ್ತು, ಇಂದು ಮಾಸ್ಕೋ ಮಾಡುವ ವಾದವನ್ನು ಅಂದು ವಾಷಿಂಗ್ಟನ್ ಮಾಡುತ್ತಿತ್ತು ಎಂಬುದನ್ನು ಗಮನಿಸಬೇಕು. ಈ ವಾದಗಳು ಒಂದು ದೇಶದ ಸ್ವಭಾವದಿಂದ ಹುಟ್ಟಿದವಲ್ಲ, ಅದು ನಿಂತಿರುವ ಜಾಗದಿಂದ ಹುಟ್ಟಿದವು.

ಐದು ವರ್ಷಗಳಲ್ಲಿ ಸೋವಿಯತ್ ನಿಲುವು ಬದಲಾಯಿತು. 1972ರ ಮೇ 26ರಂದು ಮಾಸ್ಕೋದಲ್ಲಿ ರಿಚರ್ಡ್ ನಿಕ್ಸನ್ ಮತ್ತು ಲಿಯೊನಿಡ್ ಬ್ರೆಜ್ನೆವ್ ಕ್ಷಿಪಣಿ ನಿರೋಧಕ ವ್ಯವಸ್ಥೆಗಳ ಮಿತಿಯ ಕುರಿತಾದ ಒಪ್ಪಂದಕ್ಕೆ ಸಹಿ ಹಾಕಿದರು. ಎಬಿಎಂ ಒಪ್ಪಂದ ಎಂದು ಹೆಸರಾದ ಅದು ಪ್ರತಿ ದೇಶಕ್ಕೂ ಎರಡು ನೆಲೆಗಳನ್ನು, ಪ್ರತಿ ನೆಲೆಯಲ್ಲಿ 100 ಪ್ರತಿಬಂಧಕ ಕ್ಷಿಪಣಿಗಳನ್ನು ಮಾತ್ರ ಅನುಮತಿಸಿತು. 1974ರ ಪೂರಕ ಒಡಂಬಡಿಕೆ ಎರಡನ್ನು ಒಂದಕ್ಕೆ ಇಳಿಸಿತು. ಸಮುದ್ರ, ಆಕಾಶ, ಬಾಹ್ಯಾಕಾಶದಲ್ಲಿ ನೆಲೆಗೊಂಡ ಹಾಗೂ ನೆಲದ ಮೇಲೆ ಸಂಚರಿಸುವ ವ್ಯವಸ್ಥೆಗಳನ್ನು ಅಭಿವೃದ್ಧಿಪಡಿಸುವುದನ್ನೇ ಒಪ್ಪಂದ ನಿಷೇಧಿಸಿತ್ತು. ಮಾಸ್ಕೋ ತನ್ನ ರಾಜಧಾನಿಯನ್ನು ಆರಿಸಿಕೊಂಡಿತು. ಅಮೆರಿಕ ಉತ್ತರ ಡಕೋಟದ ಗ್ರ್ಯಾಂಡ್ ಫೋರ್ಕ್ಸ್ ಬಳಿ ‘ಸೇಫ್‌ಗಾರ್ಡ್’ ವ್ಯವಸ್ಥೆಯನ್ನು 1975ರಲ್ಲಿ ಚಾಲೂ ಮಾಡಿ ಕೆಲವೇ ತಿಂಗಳಲ್ಲಿ ಮುಚ್ಚಿಬಿಟ್ಟಿತು. ಅಷ್ಟು ಖರ್ಚಿಗೆ ಅಷ್ಟು ಪ್ರಯೋಜನವಿಲ್ಲ ಎಂದು ಅಲ್ಲಿನ ಸಂಸತ್ತಿಗೆ ಅನಿಸಿತ್ತು.

ಒಪ್ಪಂದವಾದ ಮೇಲೂ ಸಿಡಿತಲೆಗಳ ಸಂಖ್ಯೆ ಏರಿತಲ್ಲವೇ?

ಏರಿತು. ಈ ಆಕ್ಷೇಪ ನ್ಯಾಯವಾದದ್ದು, ಒಪ್ಪಂದವನ್ನು ಮೆಚ್ಚುವವರು ಇದನ್ನು ಮರೆಮಾಚಬಾರದು. ಒಂದೇ ಕ್ಷಿಪಣಿಯಲ್ಲಿ ಹಲವು ಸಿಡಿತಲೆಗಳನ್ನಿಟ್ಟು ಬೇರೆಬೇರೆ ಗುರಿಗಳತ್ತ ಕಳಿಸುವ ತಂತ್ರವನ್ನು ಅಮೆರಿಕ 1970ರಲ್ಲಿ ಮಿನಿಟ್‌ಮನ್-3 ಕ್ಷಿಪಣಿಯೊಂದಿಗೆ ಸೇನೆಗೆ ಸೇರಿಸಿತು. ಆ ತಂತ್ರಕ್ಕೆ ಸಿಕ್ಕ ಬೆಂಬಲದ ಹಿಂದಿನ ಒಂದು ದೊಡ್ಡ ಕಾರಣ ಸೋವಿಯತ್ ನಿರೋಧಕ ವ್ಯವಸ್ಥೆಯ ಭಯ. 1972ರಲ್ಲಿ ನಿರೋಧಕ ವ್ಯವಸ್ಥೆಗೆ ಮಿತಿ ಬಿತ್ತು, ಆದರೆ ಅದಕ್ಕೆ ಉತ್ತರವಾಗಿ ಹುಟ್ಟಿದ ಬಹುಸಿಡಿತಲೆ ಕ್ಷಿಪಣಿಗಳು ಉಳಿದುಕೊಂಡವು. ಸೋವಿಯತ್ ಒಕ್ಕೂಟವೂ ಅವನ್ನು ಬೆಳೆಸಿತು.

ಇದಕ್ಕಿಂತ ಕಡಿಮೆ ಪರಿಚಿತವಾದ ಉದಾಹರಣೆ ಬ್ರಿಟನ್‌ನದು. ಮಾಸ್ಕೋ ಸುತ್ತಲಿನ ಸೀಮಿತ ವ್ಯವಸ್ಥೆಯನ್ನು ಭೇದಿಸಲೆಂದೇ ಬ್ರಿಟನ್ ತನ್ನ ಪೊಲಾರಿಸ್ ಕ್ಷಿಪಣಿಗಳಿಗೆ ಹುಸಿ ಗುರಿಗಳನ್ನು ಜೋಡಿಸುವ ‘ಶೆವಲೀನ್’ ಯೋಜನೆಯನ್ನು ವರ್ಷಗಟ್ಟಲೆ ಗುಟ್ಟಾಗಿ ನಡೆಸಿತು. 1980ರಲ್ಲಿ ಬಹಿರಂಗಪಡಿಸುವ ಹೊತ್ತಿಗೆ ವೆಚ್ಚ 100 ಕೋಟಿ ಪೌಂಡ್ ತಲುಪಿತ್ತು. ಒಂದು ನಗರದ ಸುತ್ತಲಿನ ಕೆಲವು ಹತ್ತು ಪ್ರತಿಬಂಧಕಗಳು ಇನ್ನೊಂದು ದೇಶದಿಂದ ಇಷ್ಟು ಹಣವನ್ನು, ಇಷ್ಟು ಶ್ರಮವನ್ನು ಹೊರಡಿಸಿದವು.

ರೇಗನ್ ಅವರ ‘ಸ್ಟಾರ್ ವಾರ್ಸ್’ ಏನಾಯಿತು?

1983ರ ಮಾರ್ಚ್ 23ರಂದು ರೊನಾಲ್ಡ್ ರೇಗನ್ ಅಣ್ವಸ್ತ್ರಗಳನ್ನು ನಿಶ್ಶಕ್ತಗೊಳಿಸುವ ಗುರಾಣಿಯ ಕನಸನ್ನು ದೇಶದ ಮುಂದಿಟ್ಟರು; ಅದಕ್ಕೆ ಬಿದ್ದ ಅಡ್ಡಹೆಸರು ‘ಸ್ಟಾರ್ ವಾರ್ಸ್’. ಸುಮಾರು 3,000 ಕೋಟಿ ಡಾಲರ್ ಖರ್ಚಾದ ಮೇಲೂ ಅಂಥ ಗುರಾಣಿ ನಿಲ್ಲಲಿಲ್ಲ, ಆದರೆ ರಾಜಕೀಯ ಪರಿಣಾಮ ದೊಡ್ಡದಾಗಿತ್ತು. 1986ರ ಅಕ್ಟೋಬರ್‌ನಲ್ಲಿ ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿ ರೇಗನ್ ಮತ್ತು ಮಿಖಾಯಿಲ್ ಗೊರ್ಬಚೆವ್ ಹತ್ತು ವರ್ಷಗಳಲ್ಲಿ ಅಣ್ವಸ್ತ್ರಗಳನ್ನೇ ಇಲ್ಲವಾಗಿಸುವ ಮಾತಿನ ಹತ್ತಿರಕ್ಕೆ ಬಂದಿದ್ದರು. ಈ ಯೋಜನೆಯ ಪ್ರಯೋಗಗಳನ್ನು ಪ್ರಯೋಗಾಲಯದೊಳಗೇ ಇರಿಸಬೇಕೆಂದು ಗೊರ್ಬಚೆವ್ ಪಟ್ಟುಹಿಡಿದರು, ರೇಗನ್ ಒಪ್ಪಲಿಲ್ಲ, ಮಾತುಕತೆ ಅಲ್ಲಿಗೆ ಮುರಿಯಿತು. ಇನ್ನೂ ಕಟ್ಟದಿದ್ದ, ಎಂದಿಗೂ ಕಟ್ಟಲಾಗದ ಒಂದು ವ್ಯವಸ್ಥೆಗಾಗಿ ಅಂಥ ಅವಕಾಶ ಕೈತಪ್ಪಿತೆಂಬುದು ಇಂದಿಗೂ ನೋವು ಕೊಡುವ ಸಂಗತಿ. ಮರುವರ್ಷ ಗೊರ್ಬಚೆವ್ ಮಧ್ಯಮ ದೂರದ ಕ್ಷಿಪಣಿಗಳ ವಿಷಯವನ್ನು ಇದರಿಂದ ಬೇರ್ಪಡಿಸಿದ್ದರಿಂದ 1987ರ ಡಿಸೆಂಬರ್‌ನಲ್ಲಿ ಐಎನ್‌ಎಫ್ ಒಪ್ಪಂದವಾದರೂ ಸಾಧ್ಯವಾಯಿತು.

ಸೋವಿಯತ್ ಕಡೆಯೂ ಶುದ್ಧವಾಗಿರಲಿಲ್ಲ. ಕ್ರಾಸ್ನೊಯಾರ್ಸ್ಕ್ ಬಳಿ ಅದು ಕಟ್ಟುತ್ತಿದ್ದ ಬೃಹತ್ ರಾಡಾರ್ ಎಬಿಎಂ ಒಪ್ಪಂದದ ಉಲ್ಲಂಘನೆ ಎಂದು 1989ರಲ್ಲಿ ವಿದೇಶಾಂಗ ಸಚಿವ ಎಡ್ವರ್ಡ್ ಶೆವರ್ಡ್‌ನಾಡ್ಜೆ ಅವರೇ ಒಪ್ಪಿಕೊಂಡರು.

ಅಮೆರಿಕ ಎಬಿಎಂ ಒಪ್ಪಂದದಿಂದ ಹೊರಬಂದದ್ದೇಕೆ?

ಶೀತಲ ಸಮರ ಮುಗಿದ ಮೇಲೆ ಅಮೆರಿಕದ ಕಣ್ಣು ರಷ್ಯಾದಿಂದ ಉತ್ತರ ಕೊರಿಯಾ, ಇರಾನ್, ಇರಾಕ್‌ಗಳತ್ತ ಹೊರಳಿತು. 1998ರ ಆಗಸ್ಟ್ 31ರಂದು ಉತ್ತರ ಕೊರಿಯಾದ ಟೇಪೊಡಾಂಗ್ ಕ್ಷಿಪಣಿ ಜಪಾನಿನ ಮೇಲೆ ಹಾದುಹೋಯಿತು. ನಿರ್ಧಾರ ಮಾಡಿದ ದಿನದಿಂದ ಐದು ವರ್ಷಗಳೊಳಗೆ ಇಂಥ ದೇಶಗಳು ಅಮೆರಿಕವನ್ನು ತಲುಪುವ ಕ್ಷಿಪಣಿ ಮಾಡಬಲ್ಲವು ಎಂದು ಡೊನಾಲ್ಡ್ ರಮ್ಸ್‌ಫೆಲ್ಡ್ ನೇತೃತ್ವದ ಆಯೋಗ ಅದೇ ವರ್ಷದ ಜುಲೈನಲ್ಲಿ ವರದಿ ಕೊಟ್ಟಿತ್ತು. ಬಿಲ್ ಕ್ಲಿಂಟನ್ 2000ದ ಸೆಪ್ಟೆಂಬರ್‌ನಲ್ಲಿ ನಿರ್ಧಾರವನ್ನು ಮುಂದಿನವರಿಗೆ ಬಿಟ್ಟರು. ಜಾರ್ಜ್ ಡಬ್ಲ್ಯು. ಬುಷ್ 2001ರ ಡಿಸೆಂಬರ್ 13ರಂದು ಆರು ತಿಂಗಳ ಸೂಚನೆ ಕೊಟ್ಟರು. 2002ರ ಜೂನ್ 13ಕ್ಕೆ ಒಪ್ಪಂದ ಕೊನೆಗೊಂಡಿತು. ಮರುದಿನವೇ ರಷ್ಯಾ, ಬಹುಸಿಡಿತಲೆಗಳ ನೆಲದ ಕ್ಷಿಪಣಿಗಳನ್ನು ನಿಷೇಧಿಸಬೇಕಿದ್ದ ಸ್ಟಾರ್ಟ್-2 ಒಪ್ಪಂದಕ್ಕೆ ತಾನಿನ್ನು ಬದ್ಧವಲ್ಲ ಎಂದಿತು.

ಉತ್ತರ ಕೊರಿಯಾದ ಭಯ ಸುಳ್ಳಾಗಿರಲಿಲ್ಲ. ಅದು 2017ರ ಜುಲೈನಲ್ಲಿ ಖಂಡಾಂತರ ಕ್ಷಿಪಣಿಯನ್ನು ಪರೀಕ್ಷಿಸಿತು. ಆದರೆ ಅಂಥ ಸಣ್ಣ ಬೆದರಿಕೆಗೆ ತಕ್ಕಷ್ಟು ರಕ್ಷಣೆಗೆ ಅವಕಾಶ ಮಾಡಿಕೊಡುವಂತೆ ಒಪ್ಪಂದವನ್ನು ತಿದ್ದುವ ದಾರಿಯಿತ್ತು, ಮತ್ತು ಆ ಕೆಲಸ ಶುರುವೂ ಆಗಿತ್ತು. ಪೂರ್ತಿ ಕೈಬಿಟ್ಟಿದ್ದರಿಂದ ಹೋದದ್ದು ಒಂದು ಸಂಖ್ಯೆಯಷ್ಟೇ ಅಲ್ಲ, ‘ಇದಕ್ಕಿಂತ ಮುಂದೆ ಹೋಗುವುದಿಲ್ಲ’ ಎಂಬ ಲಿಖಿತ ಮಾತೂ ಅದರೊಂದಿಗೆ ಹೋಯಿತು.

ಆಗ ಪ್ರಪಂಚವೇನೂ ಮುಳುಗಲಿಲ್ಲವಲ್ಲ?

ಮುಳುಗಲಿಲ್ಲ. 2002ರ ಮೇ ತಿಂಗಳಲ್ಲೇ ಎರಡೂ ದೇಶಗಳು ಸಿಡಿತಲೆ ಕಡಿತದ ಮಾಸ್ಕೋ ಒಪ್ಪಂದಕ್ಕೆ ಸಹಿ ಹಾಕಿದ್ದವು. 2010ರ ಏಪ್ರಿಲ್ 8ರಂದು ಪ್ರಾಗ್‌ನಲ್ಲಿ ಸಹಿಯಾದ ನ್ಯೂ ಸ್ಟಾರ್ಟ್ ಒಪ್ಪಂದ ನಿಯೋಜಿತ ಸಿಡಿತಲೆಗಳನ್ನು 1,550ಕ್ಕೆ ಮಿತಗೊಳಿಸಿತು. ಒಪ್ಪಂದ ಬಿಟ್ಟದ್ದರಿಂದ ಕೇಡಾಗಲಿಲ್ಲ ಎಂದು ವಾದಿಸುವವರು ಇದನ್ನೇ ತೋರಿಸುತ್ತಾರೆ.

ಆದರೆ ಶಸ್ತ್ರಾಸ್ತ್ರ ಕಾರ್ಯಕ್ರಮಗಳು ಹಣ್ಣಾಗಲು ಹತ್ತು ಹದಿನೈದು ವರ್ಷ ಬೇಕು. 2018ರ ಮಾರ್ಚ್ 1ರಂದು ವ್ಲಾದಿಮಿರ್ ಪುಟಿನ್ ಹೊಸ ಅಸ್ತ್ರಗಳ ಸಾಲನ್ನೇ ದೇಶದ ಮುಂದಿಟ್ಟರು: ಭಾರೀ ಖಂಡಾಂತರ ಕ್ಷಿಪಣಿ ಸರ್ಮತ್, ದಿಕ್ಕು ಬದಲಿಸುತ್ತ ವಾತಾವರಣದಲ್ಲಿ ಜಾರುವ ಅವಾನ್‌ಗಾರ್ಡ್, ಅಣುಶಕ್ತಿಯಿಂದ ಹಾರುವ ಬುರೆವೆಸ್ತ್‌ನಿಕ್, ಸಮುದ್ರದಾಳದಲ್ಲಿ ಸಾಗುವ ಪೊಸೈಡನ್. ಇವು ಅಮೆರಿಕ ಎಬಿಎಂ ಒಪ್ಪಂದವನ್ನು ಬಿಟ್ಟದ್ದಕ್ಕೆ ಉತ್ತರ ಎಂದು ಅವರು ನೇರವಾಗಿ ಹೇಳಿದರು. ಆ ಮಾತಿನಲ್ಲಿ ಪ್ರಚಾರದ ಪಾಲಿದೆ, ರಷ್ಯಾದ ಆಯುಧ ಸಂಸ್ಥೆಗಳ ಸ್ವಂತ ಹಿತಾಸಕ್ತಿಯೂ ಇದೆ. ಆದರೂ ಆ ಅಸ್ತ್ರಗಳ ವಿನ್ಯಾಸವೇ ಸಾಕ್ಷಿ ಹೇಳುತ್ತದೆ: ಒಂದು ದಕ್ಷಿಣ ಧ್ರುವದ ಕಡೆಯಿಂದ ಬರಬಲ್ಲದು, ಒಂದು ವಾತಾವರಣದೊಳಗೇ ಜಾರುತ್ತದೆ, ಒಂದು ನೀರಿನಡಿ ಹೋಗುತ್ತದೆ. ಎಲ್ಲವೂ ಅಲಾಸ್ಕಾದ ಪ್ರತಿಬಂಧಕಗಳು ಕಾಯುತ್ತಿರುವ ದಾರಿಯನ್ನು ತಪ್ಪಿಸುತ್ತವೆ.

ಪೋಲೆಂಡ್ ಮತ್ತು ರೊಮೇನಿಯಾದ ನೆಲೆಗಳ ಬಗ್ಗೆ ರಷ್ಯಾಕ್ಕೆ ಅಷ್ಟೊಂದು ಸಿಟ್ಟೇಕೆ?

2007ರಲ್ಲಿ ಅಮೆರಿಕ ಇರಾನಿನ ಬೆದರಿಕೆ ತೋರಿಸಿ ಪೋಲೆಂಡಿನಲ್ಲಿ 10 ಪ್ರತಿಬಂಧಕಗಳನ್ನೂ ಚೆಕ್ ಗಣರಾಜ್ಯದಲ್ಲಿ ರಾಡಾರನ್ನೂ ಇಡಲು ಹೊರಟಿತು. ಅಜರ್‌ಬೈಜಾನಿನ ಗಬಾಲದಲ್ಲಿ ತಾನು ಬಳಸುತ್ತಿದ್ದ ರಾಡಾರನ್ನು ಜಂಟಿಯಾಗಿ ಬಳಸೋಣ ಎಂದು ಪುಟಿನ್ ಆ ಜೂನ್‌ನಲ್ಲಿ ಮುಂದಿಟ್ಟ ಪ್ರಸ್ತಾಪ ಕೂಡಿಬರಲಿಲ್ಲ. ಬರಾಕ್ ಒಬಾಮ 2009ರ ಸೆಪ್ಟೆಂಬರ್‌ನಲ್ಲಿ ಆ ಯೋಜನೆ ಕೈಬಿಟ್ಟು, ಮಧ್ಯಮ ದೂರದ ಕ್ಷಿಪಣಿಗಳನ್ನು ತಡೆಯುವ ಏಜಿಸ್ ವ್ಯವಸ್ಥೆಯನ್ನು ಆರಿಸಿಕೊಂಡರು. ರೊಮೇನಿಯಾದ ದೆವೆಸೆಲು ನೆಲೆ 2016ರಲ್ಲಿ, ಪೋಲೆಂಡಿನ ರೆಜಿಕೊವೊ ನೆಲೆ 2024ರಲ್ಲಿ ಕೆಲಸ ಆರಂಭಿಸಿದವು.

ಈ ನೆಲೆಗಳ ಪ್ರತಿಬಂಧಕಗಳು ರಷ್ಯಾದ ಖಂಡಾಂತರ ಕ್ಷಿಪಣಿಗಳನ್ನು ಬೆನ್ನಟ್ಟಲಾರವು ಎಂದು ಅಮೆರಿಕ ಹೇಳುತ್ತ ಬಂದಿದೆ. ರಷ್ಯಾದ ಇನ್ನೊಂದು ಆಕ್ಷೇಪ ಉಡಾವಣಾ ಸಾಧನದ ಬಗ್ಗೆ. ಅಲ್ಲಿರುವ ಎಂಕೆ-41 ಉಡಾವಣಾ ಕೊಳವೆಗಳನ್ನು ಹಡಗುಗಳಲ್ಲಿ ಟೊಮಾಹಾಕ್ ಕ್ರೂಸ್ ಕ್ಷಿಪಣಿ ಹಾರಿಸಲೂ ಬಳಸುತ್ತಾರೆ. ನೆಲದಿಂದ ಹಾರುವ ಅಂಥ ಮಧ್ಯಮ ದೂರದ ಕ್ಷಿಪಣಿಗಳನ್ನು ನಿಷೇಧಿಸಿದ್ದ ಐಎನ್‌ಎಫ್ ಒಪ್ಪಂದ 2019ರ ಆಗಸ್ಟ್ 2ರಂದು ಕೊನೆಗೊಂಡಿತು. ಅದೇ ತಿಂಗಳ 18ರಂದು ಅಮೆರಿಕ ಕ್ಯಾಲಿಫೋರ್ನಿಯಾದ ಕರಾವಳಿಯಾಚೆಯ ದ್ವೀಪವೊಂದರಿಂದ ಇದೇ ಬಗೆಯ ಕೊಳವೆಯನ್ನು ನೆಲದ ಮೇಲೆ ನಿಲ್ಲಿಸಿ ಕ್ರೂಸ್ ಕ್ಷಿಪಣಿ ಹಾರಿಸಿತು. ಯುರೋಪಿನ ನೆಲೆಗಳ ಸಾಧನದಲ್ಲಿ ವ್ಯತ್ಯಾಸವಿದೆ ಎಂದು ಅಮೆರಿಕ ಹೇಳಿದರೂ, ರಷ್ಯಾದ ವಾದಕ್ಕೆ ಇಷ್ಟು ಬಲ ಕೊಡುವ ಪರೀಕ್ಷೆಯನ್ನು ಹದಿನಾರೇ ದಿನಗಳಲ್ಲಿ ನಡೆಸಿದ್ದು ವಿವೇಕದ ನಡೆಯಾಗಿರಲಿಲ್ಲ.

ಕೇವಲ 44 ಪ್ರತಿಬಂಧಕಗಳಿಗೆ ಚೀನಾ ಏಕೆ ತಲೆಕೆಡಿಸಿಕೊಳ್ಳಬೇಕು?

ರಷ್ಯಾಕ್ಕೆ 44 ದೊಡ್ಡ ಸಂಖ್ಯೆಯಲ್ಲ. ಚೀನಾದ ಲೆಕ್ಕ ಬೇರೆ. 1964ರ ಮೊದಲ ಪರೀಕ್ಷೆಯ ದಿನದಿಂದ, ಅಣ್ವಸ್ತ್ರವನ್ನು ತಾನು ಮೊದಲು ಬಳಸುವುದಿಲ್ಲ ಎಂದು ಹೇಳುತ್ತ ಬಂದ ಆ ದೇಶ ದಶಕಗಳ ಕಾಲ ಸಣ್ಣ ಭಂಡಾರದಲ್ಲೇ ತೃಪ್ತವಾಗಿತ್ತು. ಎಬಿಎಂ ಒಪ್ಪಂದ ಮುರಿದಾಗ ಅಮೆರಿಕದ ಮುಖ್ಯಭೂಮಿಯನ್ನು ತಲುಪಬಲ್ಲ ಅದರ ಕ್ಷಿಪಣಿಗಳು ಸುಮಾರು 20 ಇದ್ದವು. ಉತ್ತರ ಕೊರಿಯಾಕ್ಕೆಂದು ಇಟ್ಟ ವ್ಯವಸ್ಥೆ ಅಷ್ಟು ಸಣ್ಣ ಭಂಡಾರವನ್ನು, ಅದರಲ್ಲೂ ಮೊದಲ ದಾಳಿಯಲ್ಲಿ ಕುಗ್ಗಿದ ಭಂಡಾರವನ್ನು ಕಾಗದದ ಮೇಲಾದರೂ ನುಂಗಬಲ್ಲದು.

2016ರ ಜುಲೈನಲ್ಲಿ ದಕ್ಷಿಣ ಕೊರಿಯಾ ಥಾಡ್ ವ್ಯವಸ್ಥೆಗೆ ಒಪ್ಪಿದಾಗ ಚೀನಾದ ಆತಂಕ ಪ್ರತಿಬಂಧಕಗಳಿಗಿಂತ ಹೆಚ್ಚಾಗಿ ಅದರ ಶಕ್ತಿಶಾಲಿ ರಾಡಾರ್ ಬಗ್ಗೆ ಇತ್ತು. ತನ್ನ ನೆಲದಿಂದ ಏರುವ ಕ್ಷಿಪಣಿಗಳನ್ನು ಅದು ಬೇಗ ಗುರುತಿಸಿಬಿಡುತ್ತದೆ ಎಂಬುದು ಅದರ ವಾದ. ನೆಲೆಗೆ ಜಾಗ ಕೊಟ್ಟ ಲೊಟ್ಟೆ ಕಂಪನಿಯ ಚೀನಾದಲ್ಲಿನ ಹತ್ತಾರು ಮಳಿಗೆಗಳು ಮುಚ್ಚಿದವು, ದಕ್ಷಿಣ ಕೊರಿಯಾಕ್ಕೆ ಚೀನೀ ಪ್ರವಾಸಿ ತಂಡಗಳು ನಿಂತವು. ಒಂದು ರಾಡಾರಿನ ಬಿಸಿ ಸಾಮಾನ್ಯ ವ್ಯಾಪಾರಿಗಳಿಗೂ ತಟ್ಟಿತು.

2021ರಲ್ಲಿ ಚೀನಾದ ಪಶ್ಚಿಮದ ಯೂಮೆನ್ ಮತ್ತು ಹಾಮಿ ಬಳಿ ನೂರಾರು ಹೊಸ ಸಿಲೋಗಳು (ಕ್ಷಿಪಣಿ ಇಟ್ಟು ಹಾರಿಸುವ ನೆಲದಡಿಯ ಬಾವಿಗಳು) ಉಪಗ್ರಹ ಚಿತ್ರಗಳಲ್ಲಿ ಕಂಡವು. 2024ರ ವೇಳೆಗೆ ಚೀನಾದ ಬಳಿ 600ಕ್ಕೂ ಹೆಚ್ಚು ಸಿಡಿತಲೆಗಳಿದ್ದವೆಂದೂ 2030ರ ಹೊತ್ತಿಗೆ ಅವು 1,000 ದಾಟುತ್ತವೆಂದೂ ಅಮೆರಿಕದ ರಕ್ಷಣಾ ಇಲಾಖೆ ಅಂದಾಜಿಸಿದೆ. ಇದಕ್ಕೆಲ್ಲ ಕ್ಷಿಪಣಿ ರಕ್ಷಣೆಯೊಂದೇ ಕಾರಣ ಎನ್ನಲಾಗದು. ತೈವಾನ್ ವಿಚಾರ, ಮಹಾಶಕ್ತಿಯ ಸ್ಥಾನಮಾನದ ಹಂಬಲ, ನಿಖರ ಸಾಂಪ್ರದಾಯಿಕ ಅಸ್ತ್ರಗಳ ಭಯ, ಇವೂ ಇವೆ.

ಉಕ್ರೇನ್ ಮತ್ತು ಇಸ್ರೇಲಿನಲ್ಲಿ ಕ್ಷಿಪಣಿ ರಕ್ಷಣೆ ಗೆದ್ದಿದೆಯಲ್ಲವೇ?

ಗೆದ್ದಿದೆ, ಮತ್ತು ಸಾವಿರಾರು ಜೀವ ಉಳಿಸಿದೆ. 2023ರ ಮೇ ತಿಂಗಳಲ್ಲಿ ಕೀವ್ ಮೇಲೆ ಬಂದ ರಷ್ಯಾದ ಕಿಂಜಾಲ್ ಕ್ಷಿಪಣಿಯನ್ನು ಪೇಟ್ರಿಯಟ್ ಉರುಳಿಸಿತು. 2024ರ ಏಪ್ರಿಲ್‌ನಲ್ಲಿ ಇರಾನ್ ಕಳಿಸಿದ 300ಕ್ಕೂ ಹೆಚ್ಚು ಡ್ರೋನ್ ಮತ್ತು ಕ್ಷಿಪಣಿಗಳಲ್ಲಿ ಬಹುತೇಕ ಎಲ್ಲವನ್ನೂ ಇಸ್ರೇಲ್ ಮತ್ತು ಅದರ ಮಿತ್ರರು ತಡೆದರು.

ಆದರೆ ಸಾಂಪ್ರದಾಯಿಕ ಸ್ಫೋಟಕ ಹೊತ್ತ ನೂರು ಕ್ಷಿಪಣಿಗಳಲ್ಲಿ ತೊಂಬತ್ತನ್ನು ತಡೆದರೆ ಅದು ದೊಡ್ಡ ಯಶಸ್ಸು. ನೂರು ಅಣ್ವಸ್ತ್ರ ಸಿಡಿತಲೆಗಳಲ್ಲಿ ತೊಂಬತ್ತನ್ನು ತಡೆದರೆ ಹತ್ತು ನಗರಗಳು ಇರುವುದಿಲ್ಲ. ಮೊದಲನೆಯದರ ಅನುಭವವನ್ನು ಎರಡನೆಯದಕ್ಕೆ ಹೊಂದಿಸಿ ಧೈರ್ಯ ತಾಳುವುದು ಅಪಾಯಕಾರಿ. ಖರ್ಚಿನ ಪ್ರಶ್ನೆಯೂ ಇದೆ: ಪೇಟ್ರಿಯಟ್‌ನ ಹೊಸ ಪ್ರತಿಬಂಧಕ ಒಂದಕ್ಕೆ ಸುಮಾರು 40 ಲಕ್ಷ ಡಾಲರ್ ತಗಲುತ್ತದೆ, ಅದನ್ನು ತಯಾರಿಸುವ ವೇಗ ಯುದ್ಧ ಅದನ್ನು ಖರ್ಚು ಮಾಡುವ ವೇಗಕ್ಕೆ ಸಾಲುತ್ತಿಲ್ಲ.

ಗೋಲ್ಡನ್ ಡೋಮ್‌ನಲ್ಲಿ ಹೊಸದೇನಿದೆ?

ಹೊಸದಿರುವುದು ನೀತಿಯಲ್ಲಿ. ಅಮೆರಿಕದ 2019 ಮತ್ತು 2022ರ ಅಧಿಕೃತ ಕ್ಷಿಪಣಿ ರಕ್ಷಣಾ ವಿಮರ್ಶೆಗಳು ತಾಯ್ನಾಡಿನ ರಕ್ಷಣಾ ವ್ಯವಸ್ಥೆ ಉತ್ತರ ಕೊರಿಯಾದಂಥ ದೇಶಗಳಿಗಾಗಿ, ರಷ್ಯಾ ಮತ್ತು ಚೀನಾದ ದೊಡ್ಡ ಭಂಡಾರಗಳ ವಿಷಯದಲ್ಲಿ ಮರುದಾಳಿಯ ಭಯವನ್ನೇ ನಂಬುತ್ತೇವೆ ಎಂದಿದ್ದವು. ಡೊನಾಲ್ಡ್ ಟ್ರಂಪ್ 2025ರ ಜನವರಿ 27ರಂದು ಹೊರಡಿಸಿದ ಆದೇಶ ಸಮಬಲದ ಎದುರಾಳಿಗಳ ದಾಳಿಯನ್ನೂ ತಡೆಯುವ ಗುರಾಣಿ ಬೇಕು ಎಂದಿತು. ದಶಕಗಳಿಂದ ಮಾತಿನಲ್ಲಾದರೂ ಉಳಿದಿದ್ದ ಎಲ್ಲೆ ಅಲ್ಲಿಗೆ ಅಳಿಸಿತು.

ಮೇ 20ರಂದು ಟ್ರಂಪ್ ವೆಚ್ಚ 17,500 ಕೋಟಿ ಡಾಲರ್, ಅವಧಿ ಸುಮಾರು ಮೂರು ವರ್ಷ ಎಂದರು. ಯೋಜನೆಯ ತಿರುಳು ಬಾಹ್ಯಾಕಾಶದಲ್ಲಿ ಸುತ್ತುವ ಪ್ರತಿಬಂಧಕಗಳು. ಭೂಮಿಯ ಸಮೀಪದ ಕಕ್ಷೆಯಲ್ಲಿರುವ ಉಪಗ್ರಹ ಒಂದೂವರೆ ಗಂಟೆಗೊಮ್ಮೆ ಭೂಮಿಯನ್ನು ಸುತ್ತುತ್ತದೆ. ಬೇಕಾದ ಜಾಗದ ಮೇಲೆ ಅದು ಇರುವುದು ಕೆಲವೇ ನಿಮಿಷ. ಯಾವ ಕ್ಷಣದಲ್ಲೂ ಒಂದಾದರೂ ಸರಿಯಾದ ಜಾಗದಲ್ಲಿರಬೇಕಾದರೆ ನೂರಾರು, ಸಾವಿರಾರು ಪ್ರತಿಬಂಧಕಗಳನ್ನು ಮೇಲಕ್ಕೆ ಕಳಿಸಬೇಕು, ಕೆಲವು ವರ್ಷಗಳಿಗೊಮ್ಮೆ ಬದಲಿಸುತ್ತಲೂ ಇರಬೇಕು. ಒಂದೆರಡು ಕ್ಷಿಪಣಿಗಳ ದಾಳಿಯನ್ನು ತಡೆಯುವಷ್ಟು ಬಾಹ್ಯಾಕಾಶ ವ್ಯವಸ್ಥೆಗೇ ಇಪ್ಪತ್ತು ವರ್ಷಗಳಲ್ಲಿ 16,100 ಕೋಟಿಯಿಂದ 54,200 ಕೋಟಿ ಡಾಲರ್ ಬೇಕಾದೀತೆಂದು ಅಮೆರಿಕದ ಸಂಸತ್ತಿನ ಬಜೆಟ್ ಕಚೇರಿ ಅದೇ ತಿಂಗಳು ಅಂದಾಜಿಸಿತ್ತು. ಎದುರಾಳಿ ಇನ್ನಷ್ಟು ಕ್ಷಿಪಣಿ ಸೇರಿಸಿದರೆ ಇವರು ಅದರ ಹಲವು ಪಟ್ಟು ಪ್ರತಿಬಂಧಕ ಸೇರಿಸಬೇಕಾಗುತ್ತದೆ.

ರಷ್ಯಾ ಮತ್ತು ಚೀನಾ 2025ರ ಮೇ 8ರ ಜಂಟಿ ಹೇಳಿಕೆಯಲ್ಲಿ ಈ ಯೋಜನೆಯನ್ನು ಖಂಡಿಸಿವೆ. ಪರಸ್ಪರ ಪೂರ್ತಿ ನಂಬಿಕೆ ಇಲ್ಲದ ಆ ಎರಡು ದೇಶಗಳನ್ನು ಹತ್ತಿರ ತರುವ ಸಂಗತಿಗಳಲ್ಲಿ ಇದೂ ಒಂದಾಗಿದೆ.

ನ್ಯೂ ಸ್ಟಾರ್ಟ್ ಮುಗಿದದ್ದಕ್ಕೂ ಇದಕ್ಕೂ ಏನು ಸಂಬಂಧ?

ಆಕ್ರಮಣ ಅಸ್ತ್ರಗಳಿಗೂ ರಕ್ಷಣಾ ವ್ಯವಸ್ಥೆಗಳಿಗೂ ಪರಸ್ಪರ ಸಂಬಂಧವಿದೆ ಎಂದು ಆ ಒಪ್ಪಂದದ ಪೀಠಿಕೆಯೇ ಒಪ್ಪಿಕೊಂಡಿತ್ತು, ಆದರೆ ರಕ್ಷಣೆಗೆ ಅಂಕೆ ಹಾಕಿರಲಿಲ್ಲ. ರಷ್ಯಾ 2023ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧದ ನಡುವೆ ತನ್ನ ಭಾಗವಹಿಸುವಿಕೆಯನ್ನು ಅಮಾನತುಗೊಳಿಸಿತು. ಈಗ ರಕ್ಷಣೆಗೂ ಆಕ್ರಮಣಕ್ಕೂ ಎರಡಕ್ಕೂ ಕಾನೂನಿನ ಮಿತಿಯಿಲ್ಲ. 1972ರ ನಂತರದ ಬಹುತೇಕ ವರ್ಷಗಳಲ್ಲಿ ಕನಿಷ್ಠ ಒಂದಕ್ಕಾದರೂ ಇತ್ತು.

ಹಾಗಾದರೆ ತನ್ನ ಜನರನ್ನು ರಕ್ಷಿಸಿಕೊಳ್ಳುವುದು ತಪ್ಪೇ?

ತಪ್ಪಲ್ಲ. ಯಾವ ಸರ್ಕಾರವೂ ತನ್ನ ಜನರಿಗೆ ನಿಮ್ಮನ್ನು ಬಯಲಿನಲ್ಲೇ ಬಿಡುತ್ತೇವೆ ಎಂದು ಹೇಳಲಾರದು, ಹೇಳಬಾರದು. ಆಕಸ್ಮಿಕವಾಗಿ ಹಾರಿದ ಒಂದು ಕ್ಷಿಪಣಿ ಅಥವಾ ಸಣ್ಣ ದೇಶವೊಂದರ ಬೆದರಿಕೆಯ ವಿರುದ್ಧ ಸೀಮಿತ ರಕ್ಷಣೆ ಸಮಂಜಸವೇ. ಆಕ್ಷೇಪವಿರುವುದು ಎಲ್ಲೆಯಿಲ್ಲದ ರಕ್ಷಣೆಯ ಬಗ್ಗೆ. ಅದು ಜನರಿಗೆ ಪೂರ್ಣ ಸುರಕ್ಷೆಯ ಭರವಸೆ ಕೊಡುತ್ತದೆ, ಆ ಭರವಸೆಯನ್ನು ಮುರಿಯಲೆಂದೇ ಎದುರಾಳಿ ಹೆಚ್ಚು ಸಿಡಿತಲೆಗಳನ್ನು ತಯಾರಿಸುತ್ತಾನೆ. ಕೊನೆಗೆ ರಕ್ಷಣೆ ಪಡೆಯಬೇಕಾದ ಅದೇ ಜನರತ್ತ ಹಿಂದಿಗಿಂತ ಹೆಚ್ಚು ಸಿಡಿತಲೆಗಳು ಗುರಿಯಿಟ್ಟಿರುತ್ತವೆ.

ಭಾರತದ ನಿಲುವೇನು?

ದೀರ್ಘಕಾಲ ‘ಸ್ಟಾರ್ ವಾರ್ಸ್’ ವಿರೋಧಿಸಿದ್ದ ಭಾರತ, ಬುಷ್ ಅವರ 2001ರ ಮೇ 1ರ ಕ್ಷಿಪಣಿ ರಕ್ಷಣೆಯ ಭಾಷಣವನ್ನು ಮರುದಿನವೇ ಸ್ವಾಗತಿಸಿ ಹಲವರನ್ನು ಅಚ್ಚರಿಗೊಳಿಸಿತು. ಆಗ ಜಸ್ವಂತ್ ಸಿಂಗ್ ವಿದೇಶಾಂಗ ಸಚಿವರಾಗಿದ್ದರು. ಡಿಆರ್‌ಡಿಒ 2006ರ ನವೆಂಬರ್‌ನಲ್ಲಿ ಎತ್ತರದ, 2007ರ ಡಿಸೆಂಬರ್‌ನಲ್ಲಿ ವಾತಾವರಣದೊಳಗಿನ ಪ್ರತಿಬಂಧಕ ಕ್ಷಿಪಣಿಯನ್ನು ಒಡಿಶಾ ಕರಾವಳಿಯಲ್ಲಿ ಪರೀಕ್ಷಿಸಿತು. 2019ರ ಮಾರ್ಚ್ 27ರ ‘ಮಿಷನ್ ಶಕ್ತಿ’ಯಲ್ಲಿ ಉಪಗ್ರಹವನ್ನು ಹೊಡೆದದ್ದೂ ಇದೇ ಕಾರ್ಯಕ್ರಮದಿಂದ ಬಂದ ಪ್ರತಿಬಂಧಕ. ರಷ್ಯಾದಿಂದ ಎಸ್-400 ಕೊಳ್ಳುವ 543 ಕೋಟಿ ಡಾಲರ್‌ಗಳ ಒಪ್ಪಂದಕ್ಕೆ 2018ರ ಅಕ್ಟೋಬರ್‌ನಲ್ಲಿ ಸಹಿಯಾಯಿತು. ಅದೇ ವ್ಯವಸ್ಥೆ ಕೊಂಡದ್ದಕ್ಕೆ ತುರ್ಕಿಯ ಮೇಲೆ ಅಮೆರಿಕ ನಿರ್ಬಂಧ ಹೇರಿತು, ಭಾರತದ ಮೇಲೆ ಹೇರಲಿಲ್ಲ. 2025ರ ಆಗಸ್ಟ್ 15ರಂದು ಪ್ರಧಾನಿ ನರೇಂದ್ರ ಮೋದಿ 2035ರೊಳಗೆ ದೇಶವ್ಯಾಪಿ ರಕ್ಷಣೆ ಒದಗಿಸುವ ‘ಸುದರ್ಶನ ಚಕ್ರ’ ಕಾರ್ಯಕ್ರಮವನ್ನು ಘೋಷಿಸಿದರು.

ಕರ್ನಾಟಕಕ್ಕೂ ಇದರಲ್ಲಿ ಕೈಯಿದೆ. ವಾಯುರಕ್ಷಣೆ ಮತ್ತು ಕ್ಷಿಪಣಿ ರಕ್ಷಣೆಗೆ ಬೇಕಾದ ರಾಡಾರ್‌ಗಳ ವಿನ್ಯಾಸದಲ್ಲಿ ಬೆಂಗಳೂರಿನ ಎಲ್‌ಆರ್‌ಡಿಇ ಪ್ರಯೋಗಾಲಯದ್ದು, ತಯಾರಿಕೆಯಲ್ಲಿ ಬಿಇಎಲ್‌ನದು ದೊಡ್ಡ ಪಾಲು.

ನಮ್ಮ ಉಪಖಂಡದಲ್ಲೂ ಅದೇ ಸರಪಳಿ ಶುರುವಾಗಿದೆಯೇ?

ಶುರುವಾಗಿದೆ. ಪಾಕಿಸ್ತಾನ 2017ರ ಜನವರಿ 24ರಂದು ಬಹುಸಿಡಿತಲೆಗಳ ‘ಅಬಾಬೀಲ್’ ಕ್ಷಿಪಣಿಯನ್ನು ಪರೀಕ್ಷಿಸಿದಾಗ, ಈ ಪ್ರದೇಶದಲ್ಲಿ ಬೆಳೆಯುತ್ತಿರುವ ಕ್ಷಿಪಣಿ ರಕ್ಷಣೆಯೇ ಕಾರಣವೆಂದು ಅದರ ಸೇನೆ ಹೇಳಿತು. ಚೀನಾವನ್ನು ಗಮನದಲ್ಲಿಟ್ಟುಕೊಂಡು ಭಾರತ 2024ರ ಮಾರ್ಚ್ 11ರಂದು ಅಗ್ನಿ-5 ಕ್ಷಿಪಣಿಯನ್ನು ಬಹುಸಿಡಿತಲೆಗಳೊಂದಿಗೆ ಪರೀಕ್ಷಿಸಿತು. ವಾಷಿಂಗ್ಟನ್‌ನಲ್ಲಿ ತೆಗೆದುಕೊಂಡ ನಿರ್ಧಾರಕ್ಕೆ ಬೀಜಿಂಗ್ ಉತ್ತರಿಸುತ್ತದೆ, ಬೀಜಿಂಗ್‌ಗೆ ದೆಹಲಿ, ದೆಹಲಿಗೆ ಇಸ್ಲಾಮಾಬಾದ್. ಇಲ್ಲಿ ಕ್ಷಿಪಣಿ ಹಾರಿ ಬೀಳಲು ಬೇಕಾದ ಸಮಯ ಕೆಲವೇ ನಿಮಿಷವಾದ್ದರಿಂದ ತಪ್ಪು ತಿಳಿವಳಿಕೆಯನ್ನು ತಿದ್ದಿಕೊಳ್ಳಲು ಅಮೆರಿಕ–ರಷ್ಯಾಗಳಿಗಿರುವಷ್ಟು ಬಿಡುವೂ ಇಲ್ಲ.

ಈಗ ಏನು ಮಾಡಲು ಸಾಧ್ಯ?

1972ರ ಒಪ್ಪಂದ ಹಾಗೆಯೇ ಮರಳಿ ಬರುವುದಿಲ್ಲ. ಈಗ ಆಟದಲ್ಲಿ ಇಬ್ಬರಿಗಿಂತ ಹೆಚ್ಚು ಜನರಿದ್ದಾರೆ. ಆದರೆ ಅಳೆಯಬಹುದಾದ ಎಲ್ಲೆಗಳನ್ನು ಎಳೆಯಲು ಬರುತ್ತದೆ ಎಂಬುದಕ್ಕೆ ಪೂರ್ವನಿದರ್ಶನವಿದೆ. 1997ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಆದ ಒಡಂಬಡಿಕೆಗಳು, ಪರೀಕ್ಷೆಯಲ್ಲಿ ಬಳಸುವ ಗುರಿಯ ವೇಗ ಸೆಕೆಂಡಿಗೆ 5 ಕಿಲೋಮೀಟರ್ ಮತ್ತು ದೂರ 3,500 ಕಿಲೋಮೀಟರ್ ಮೀರದಿದ್ದರೆ ಅದನ್ನು ಪ್ರಾದೇಶಿಕ ರಕ್ಷಣೆ ಎಂದು ಪರಿಗಣಿಸುವ ಗೆರೆ ಹಾಕಿದ್ದವು. ಅಮೆರಿಕದ ಸೆನೆಟ್ ಒಪ್ಪಿಗೆ ಕೊಡದೆ ಅವು ಕಾಗದದಲ್ಲೇ ಉಳಿದವು. ಬಾಹ್ಯಾಕಾಶದಲ್ಲಿ ಪ್ರತಿಬಂಧಕಗಳನ್ನು ಇಡುವುದಿಲ್ಲ ಎಂಬ ಒಪ್ಪಿಗೆ ಸಾಧ್ಯವಾದರೆ, ಬೇರೆ ಅನೇಕ ವಿಷಯಗಳಲ್ಲಿ ಮಾತುಕತೆಗೆ ದಾರಿ ತೆರೆಯುತ್ತದೆ.

ಅದಕ್ಕಿಂತ ಸುಲಭವಾದದ್ದು ಮುನ್ಸೂಚನೆ. ಖಂಡಾಂತರ ಕ್ಷಿಪಣಿಗಳ ಉಡಾವಣೆಯನ್ನು ಮೊದಲೇ ತಿಳಿಸುವ ಒಪ್ಪಂದ ಅಮೆರಿಕ ಮತ್ತು ಸೋವಿಯತ್ ಒಕ್ಕೂಟದ ನಡುವೆ 1988ರಲ್ಲೂ, ರಷ್ಯಾ ಮತ್ತು ಚೀನಾದ ನಡುವೆ 2009ರಲ್ಲೂ ಆಯಿತು. 2024ರ ಸೆಪ್ಟೆಂಬರ್‌ನಲ್ಲಿ ಪೆಸಿಫಿಕ್ ಸಾಗರಕ್ಕೆ ಖಂಡಾಂತರ ಕ್ಷಿಪಣಿ ಹಾರಿಸುವ ಮುನ್ನ ಚೀನಾ ಅಮೆರಿಕಕ್ಕೂ ತಿಳಿಸಿತ್ತು. ಭಾರತ ಮತ್ತು ಪಾಕಿಸ್ತಾನ 2005ರ ಅಕ್ಟೋಬರ್‌ನಲ್ಲಿ ಮಾಡಿಕೊಂಡ ಇಂಥದೇ ಒಪ್ಪಂದ ನೆಲದಿಂದ ನೆಲಕ್ಕೆ ಹಾರುವ ಬ್ಯಾಲಿಸ್ಟಿಕ್ ಕ್ಷಿಪಣಿಗಳ ಪರೀಕ್ಷೆಗೆ ಅನ್ವಯಿಸುತ್ತದೆ. ಕ್ರೂಸ್ ಕ್ಷಿಪಣಿಗಳೂ ಪ್ರತಿಬಂಧಕ ಕ್ಷಿಪಣಿಗಳ ಪರೀಕ್ಷೆಗಳೂ ಅದರ ಹೊರಗಿವೆ. ಅವನ್ನು ಸೇರಿಸಿಕೊಳ್ಳಲು ಯಾವ ದೇಶವೂ ತನ್ನ ಒಂದೇ ಒಂದು ಕ್ಷಿಪಣಿಯನ್ನೂ ಬಿಟ್ಟುಕೊಡಬೇಕಾಗಿಲ್ಲ. ‘ಸುದರ್ಶನ ಚಕ್ರ’ದ ಪರೀಕ್ಷೆಗಳು ಹೆಚ್ಚುವ ಮೊದಲೇ ದೆಹಲಿ ಈ ಪ್ರಸ್ತಾಪವನ್ನು ಮುಂದಿಡಬಹುದು.